ಎಸರು ಹೊಯ್ದಾಗ ನಾನು ಎಲ್ಲಿದ್ದೆ

ಆ ಬೆಳಗಿನ ಚಿತ್ರ ನನ್ನ ತಲೆಯಲ್ಲಿ ಬಹಳ ಸ್ಪಷ್ಟವಾಗಿದೆ. ಅದಕ್ಕೇ ನನಗೆ ಅನುಮಾನ. ಪರಾತದಲ್ಲಿ, ಅಗಲವಾದ ಆ ತಟ್ಟೆಯಲ್ಲಿ, ಜೋಳದ ಹಿಟ್ಟಿನ ಗುಡ್ಡೆ, ಅದರೊಳಗೆ ಇಳಿಯುತ್ತಿರುವ ಮಗಳ ಬಲಗೈ, ಗೋಡೆಯ ಕಡೆ ತಿರುಗಿದ ಅತ್ತೆಯ ಬಿಳಿ ಬೈತಲೆ. ಇದನ್ನೆಲ್ಲ ನಾನು ಮೇಲಿನಿಂದ ನೋಡುತ್ತಿದ್ದೇನೆ, ಫ್ಯಾನ್ ಇರುವಷ್ಟು ಎತ್ತರದಿಂದ. ನಮ್ಮ ಅಡುಗೆಮನೆಯಲ್ಲಿ ಫ್ಯಾನೇ ಇಲ್ಲ. ಅಷ್ಟು ಎತ್ತರದಲ್ಲಿ ಯಾರೂ ನಿಂತಿರಲಾರರು. ಹಾಗಾದರೆ ಈ ಚಿತ್ರ ನನಗೆ ಎಲ್ಲಿಂದ ಬಂತು?

ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ, ಅದು ಹೆಚ್ಚೇನಿಲ್ಲ. ನಾವಿರುವುದು ಪುಣೆಯ ನಿಗಡಿಯಲ್ಲಿ, ಒಂದು ಸಣ್ಣ ಫ್ಲ್ಯಾಟಿನಲ್ಲಿ: ನಾನು, ಗಂಡ, ಆಗಷ್ಟೇ ಮೂರು ತುಂಬಿದ್ದ ಮಗಳು, ಅತ್ತೆ. ಗಂಡ ಶಿವಾಜಿನಗರದಲ್ಲಿ ಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಗುಮಾಸ್ತರು. ಅವರ ಕಡೆಯವರು ವಿಜಾಪುರದವರು. ರೊಟ್ಟಿ ಇಲ್ಲದಿದ್ದರೆ ಉಂಡ ಹಾಗೇ ಅಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಪುಣೆಯಲ್ಲಿ, ಉಡುಪಿ ಕಡೆಯಿಂದ ಬಂದು ಹೋಟೆಲ್ ನಡೆಸಿದವರ ಮನೆಯಲ್ಲಿ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಾನು ಬಡಿದದ್ದು ಹಂಚು ಮುಟ್ಟುವ ಮೊದಲೇ ಹರಿಯುತ್ತದೆ. "ಹೋಟೆಲ್‌ನವರ ಮಗಳು. ಇಡ್ಲಿ ಆದ್ರ ಕಣ್ಣ ಮುಚ್ಚಿ ಮಾಡ್ತಾಳ ನೋಡ್ರಿ," ಎಂದು ಅತ್ತೆ ಬಂದವರ ಮುಂದೆ ಹೇಳುತ್ತಾರೆ. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಅತ್ತೆ ರೊಟ್ಟಿ ಬಡಿಯುವುದು ನೆಲದ ಮೇಲೆ ಕೂತು. ನಿಂತು ಬಡಿದರೆ ರಟ್ಟೆಯ ಭಾರ ಬೀಳುವುದಿಲ್ಲವಂತೆ. ಕಟ್ಟೆಯ ಮೇಲಿನ ಗ್ಯಾಸಿನಲ್ಲಿ ನೀರು ಕುದಿಸುತ್ತಾರೆ. ಕುದಿಯುವ ಆ ನೀರಿಗೆ ಅವರು ಎಸರು ಎನ್ನುತ್ತಾರೆ. ನೆಲದ ಮೇಲೆ ಪರಾತದಲ್ಲಿ ಹಿಟ್ಟಿನ ಗುಡ್ಡೆ ಮಾಡಿ, ನಡುವೆ ಕುಳಿ ತೆಗೆದು, ಅದರೊಳಗೆ ಎಸರು ಹೊಯ್ದು, ಸುತ್ತಲಿನ ಒಣ ಹಿಟ್ಟನ್ನು ಅದರ ಮೇಲೆ ಎಳೆದು ಮುಚ್ಚುತ್ತಾರೆ. ಹಿಟ್ಟು ಒಳಗೇ ಬೇಯಬೇಕು. ಆ ಸ್ವಲ್ಪ ಹೊತ್ತು ಪರಾತದಲ್ಲಿ ಕಾಣುವುದು ಬರೀ ಒಣ ಹಿಟ್ಟು. ಹಬೆಯೂ ಏಳುವುದಿಲ್ಲ. ಆ ಗುಡ್ಡೆಯೊಳಗೆ ಏನಿದೆ ಎಂಬುದು ಹೊಯ್ದವರಿಗೆ ಮಾತ್ರ ಗೊತ್ತು.

ನನ್ನ ಮಗಳಿಗೆ ಗೊತ್ತಿದ್ದದ್ದು ಬೇರೆ. ಆ ಪರಾತದಿಂದ ದಿನವೂ ಅವಳಿಗೆ ಒಂದು ಉಂಡೆ ಸಿಗುತ್ತಿತ್ತು. ಅಜ್ಜಿ ಅದಕ್ಕೆ ಕೊಕ್ಕು ತೆಗೆದು, ಬಾಲ ಎಳೆದು ಗುಬ್ಬಿ ಮಾಡಿ ಹಂಚಿನ ಅಂಚಿನಲ್ಲಿ ಸುಡುತ್ತಿದ್ದರು. ಆ ದಿನ ಅವಳು ತನ್ನ ಗುಬ್ಬಿಯನ್ನು ತಾನೇ ತೆಗೆದುಕೊಳ್ಳಲು ಹೋದಳು. ಮಣಿಕಟ್ಟಿನವರೆಗೆ ಕೈ ಹಾಕಿದಳು.

ಗಂಡ ಆಗಲೇ ಕೆಲಸಕ್ಕೆ ಹೋಗಿದ್ದರು. ಇಷ್ಟರ ಬಗ್ಗೆ ಮನೆಯಲ್ಲಿ ತಕರಾರಿಲ್ಲ. ತಕರಾರಿರುವುದು ಆಗ ನಾನೆಲ್ಲಿದ್ದೆ ಎಂಬುದರ ಬಗ್ಗೆ.

ನನ್ನ ನೆನಪಿನಲ್ಲಿ ನಾನು ಬಾಲ್ಕನಿಯಲ್ಲಿದ್ದೆ, ಬಟ್ಟೆ ಒಣಹಾಕುತ್ತಿದ್ದೆ. ಕಿರುಚಾಟ ಕೇಳಿ ಓಡಿ ಬಂದೆ. ಅತ್ತೆಯ ನೆನಪಿನಲ್ಲಿ ನಾನು ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟಿಗೆ ಒರಗಿ ಅವರ ಜೊತೆ ಮಾತಾಡುತ್ತ ನಿಂತಿದ್ದೆ. ಎರಡೂ ಸಣ್ಣ ವಿಷಯಗಳೇ. ಆದರೆ ಬಾಗಿಲಲ್ಲಿ ನಿಂತಿದ್ದರೆ ನಾನು ಅವಳನ್ನು ನೋಡಿರಬೇಕು. ನೋಡಿದ್ದರೆ ಒಂದು ಮಾತು ಹೇಳಬಹುದಿತ್ತು. ಬಿಸಿ ಅಂದಿದ್ದರೆ ಸಾಕಿತ್ತು, ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಅದನ್ನು ಮೊದಲು ಹೇಳಿದ್ದು ಆಸ್ಪತ್ರೆಯಲ್ಲಿ. ಚಿಕ್ಕ ವಯಸ್ಸಿನ ಡಾಕ್ಟರು, ಹೆಂಗಸು. ಮಗಳ ಬೆರಳ ಸಂದಿಗೆ ಅಂಟಿದ ಹಿಟ್ಟನ್ನು ನೀರಿನಲ್ಲಿ ತೊಳೆಯುತ್ತ, ತಲೆ ಎತ್ತದೆ, "ಕಸಂ ಝಾಲಂ?" ಎಂದು ಕೇಳಿದರು. ಹೇಗಾಯಿತು ಎಂದು ನಾನು ಹೇಳಿದೆ. ಆಮೇಲೆ ಅದನ್ನೇ ಅತ್ತೆಯನ್ನೂ ಕೇಳಿದರು. ನಾನು ಹೇಳಿದ್ದು ಸಾಲಲಿಲ್ಲವೇ? ಮನೆಯಲ್ಲಿ ಸುಟ್ಟುಕೊಂಡು ಬಂದ ಮಕ್ಕಳ ವಿಷಯದಲ್ಲಿ ಅವರು ಹಾಗೆ ಇಬ್ಬಿಬ್ಬರನ್ನು ಕೇಳುತ್ತಾರೆಂದು ಆಗ ನನಗೆ ಹೊಳೆಯಿತು. ಅತ್ತೆಯ ಮರಾಠಿ ನನ್ನದಕ್ಕಿಂತ ದಪ್ಪ, ವಿಜಾಪುರದ ಪಕ್ಕದ ಸೋಲಾಪುರದ್ದು. ಎಲ್ಲ ವಿವರಿಸಿ ಕೊನೆಗೆ ನನ್ನ ಕಡೆ ಕೈ ತೋರಿಸಿ, "ಹೀ ದಾರಾತಚ್ ಹೋತೀ ನಾ," ಎಂದರು. ಇವಳು ಬಾಗಿಲಲ್ಲೇ ಇದ್ದಳಲ್ಲ. ಡಾಕ್ಟರು ಆಗ ತಲೆ ಎತ್ತಿ ನನ್ನನ್ನು ನೋಡಿದರು. ಬಾಲ್ಕನಿ ಎಂದು ನಾನು ಹೇಳಿ ಇನ್ನೂ ನಿಮಿಷವಾಗಿರಲಿಲ್ಲ.

ಅತ್ತೆ ತಪ್ಪನ್ನು ಹಂಚುತ್ತಿದ್ದಾರೆ, ಅರ್ಧ ನನ್ನ ತಲೆಗೆ ಕಟ್ಟುತ್ತಿದ್ದಾರೆ ಎಂದು ಅವತ್ತೇ ನಿರ್ಧರಿಸಿದೆ. ಮನೆಗೆ ಬಂದ ಮೇಲೆ ಸಾಕ್ಷಿ ಹುಡುಕತೊಡಗಿದೆ.

ನನ್ನ ಮೊದಲ ಸಾಕ್ಷಿ ನನ್ನ ಕೈ. ಮಗಳನ್ನು ಎತ್ತಿಕೊಂಡಾಗ ನನ್ನ ಕೈಗಳು ತಣ್ಣಗಿದ್ದವು, ಅದು ಚೆನ್ನಾಗಿ ನೆನಪಿದೆ. ಒದ್ದೆ ಬಟ್ಟೆ ಹಿಂಡಿದ ಕೈ.

"ತಣ್ಣಗ ಇರದ ಏನ್ ಮಾಡ್ತಾವ?" ಎಂದರು ಅತ್ತೆ. "ಕೂಸಿನ ಕೈ ನಳದ ಕೆಳಗ ಹಿಡದ ನಿಂತಿದ್ದಿ ಎಷ್ಟೊತ್ತನ. ಇಬ್ಬರದೂ ಕೈ ತಣ್ಣಗಾಗಿದ್ದು."

ನಳದ ಕೆಳಗೆ ಹಿಡಿದದ್ದು ನಿಜ. ಎತ್ತಿಕೊಂಡದ್ದು ಅದಕ್ಕೆ ಮೊದಲೋ ಆಮೇಲೋ?

ಎರಡನೆಯದು ಬಟ್ಟೆ. ನಾವು ಆಸ್ಪತ್ರೆಯಿಂದ ಬಂದಾಗ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಗಂಡನನ್ನು ಬಾಲ್ಕನಿಗೆ ಕರೆದು ತೋರಿಸಿದೆ. ಅವರು ನೋಡಿ, ಒಣಗಿದ್ದನ್ನು ಮಡಚತೊಡಗಿದರು. ಮರುದಿನ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವರು, ಬಂದರು. ಅವಸರದಲ್ಲಿ ನಾವು ಬೀಗದ ಕೈ ಕೊಟ್ಟು ಹೋದದ್ದು ಅವರಿಗೇ. ಮಗಳ ಕೈಯ ಪಟ್ಟಿ ನೋಡಿ ಕಣ್ಣು ಒರೆಸಿಕೊಂಡು, ಹೋಗುವಾಗ, ಬಕೆಟ್ಟಿನಲ್ಲಿ ಬಟ್ಟೆ ನೆನೆದು ನಾರುತ್ತವೆ ಎಂದು ತಾವೇ ಒಣಹಾಕಿದ್ದಾಗಿ ಹೇಳಿ, ತಪ್ಪು ತಿಳಿಯಬೇಡ ಎಂದರು. ಎಲ್ಲವನ್ನೂ ನೀವೇ ಹಾಕಿದಿರಾ, ಕೆಲವು ಮೊದಲೇ ಹಾಕಿರಲಿಲ್ಲವಾ ಎಂದು ಕೇಳಿದೆ. ಕಾಕು ನನ್ನ ಮುಖವನ್ನೇ ನೋಡಿದರು. "ಅಗ್ ಬಾಈ, ಮೀ ಕಾಯ್ ಮೋಜಲೇ?" ನಾನೇನು ಎಣಿಸಿಕೊಂಡೆನೇ, ತಾಯಿ? ಆಮೇಲೆ ಅವರು ವಾರಗಟ್ಟಲೆ ನನ್ನ ಜೊತೆ ಬಹಳ ಮೆತ್ತಗೆ ಮಾತಾಡಿದರು, ಜ್ವರ ಬಂದವರ ಜೊತೆ ಮಾತಾಡುವ ಹಾಗೆ.

ಮೂರನೆಯ ಸಾಕ್ಷಿ ಮಗಳು. ಇದನ್ನು ಮಾಡಬಾರದಿತ್ತು.

"ಅವತ್ತು ಕೈಗೆ ಬಿಸಿ ಆಯ್ತಲ್ಲ ಪುಟ್ಟಿ, ಆಗ ಅಮ್ಮ ಎಲ್ಲಿದ್ಲು?"

"ಅಲ್ಲಿ," ಎಂದು ಬಾಲ್ಕನಿಯತ್ತ ತೋರಿಸಿದಳು. ಎದೆ ಹಗುರವಾಯಿತು. ಸ್ವಲ್ಪ ಹೊತ್ತು ಬಿಟ್ಟು, ಖಾತ್ರಿಯಾಗಲೆಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದೆ. "ಇಲ್ಲಿ," ಎಂದು ನನ್ನ ಕಾಲಿನ ಹತ್ತಿರ ತೋರಿಸಿದಳು. ಮೊದಲು ಕೇಳಿದಾಗ ನಾನು ಬಾಲ್ಕನಿಯ ಬಾಗಿಲ ಬಳಿ ಕೂತಿದ್ದೆ. ಮಂಚದ ಕೆಳಗೆ ಹೋಗಿ ಕೂತು ಕೇಳಿದ್ದರೆ ಅದನ್ನೇ ತೋರಿಸುತ್ತಿದ್ದಳೋ ಏನೋ.

ಆಫೀಸಿನಿಂದ ಬಂದ ಗಂಡ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಬೂಟು ಬಿಚ್ಚುತ್ತ, "ದಿನಾ ಕೋರ್ಟಿನಾಗ ಇದನ್ನ ಕೇಳಿ ಕೇಳಿ ಸಾಕಾಗಿ ಮನಿಗಿ ಬರ್ತೀನಿ. ಇಲ್ಲೂ ಉಲಟಾ ತಪಾಸ ನಡದದ ಏನು? ಮೂರ ವರ್ಷದ ಸಾಕ್ಷಿದಾರಳು ಬ್ಯಾರೆ!" ಎಂದರು.

"ನಿಮ್ಮಮ್ಮ ಸುಳ್ಳು ಹೇಳಿದ್ರು ರೀ, ಡಾಕ್ಟ್ರ ಎದುರಿಗೆ."

"ಅವ್ವ ಯಾಕ ಸುಳ್ಳ ಹೇಳ್ತಾಳ?"

"ಅದನ್ನೇ ನಾನೂ ಕೇಳ್ತಾ ಇರೋದು."

"ಮತ್ತ ಅಕಿನ್ನ ಕೇಳು. ಕೂಸಿನ್ನ ಯಾಕ ಕೇಳ್ತಿ?"

ಅತ್ತೆಯನ್ನು ಕೇಳುವುದು ಸುಲಭವಿರಲಿಲ್ಲ. ಆ ದಿನದಿಂದ ಅವರು ಜೋಳದ ಹಿಟ್ಟು ಮುಟ್ಟಿರಲಿಲ್ಲ. ಪರಾತವನ್ನು ತೊಳೆದು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದರು. ಊಟಕ್ಕೆ ಅಂಗಡಿಯ ಒಣಗಿದ ಕಟಿ ರೊಟ್ಟಿ ಬರುತ್ತಿತ್ತು. ಅದನ್ನು ಮುರಿದು ಸಾರಿನಲ್ಲಿ ನೆನೆಸಿ, ರುಚಿ ಇಲ್ಲವೆಂದು ಒಂದು ಮಾತೂ ಆಡದೆ ತಿನ್ನುತ್ತಿದ್ದರು. ಯಾವುದರಲ್ಲೂ ಒಂದಾದರೂ ಕುಂದು ಕಾಣುವ ಹೆಂಗಸು ಹೀಗೆ ಸುಮ್ಮನೆ ತಿನ್ನುವುದು ನನಗೆ ತಾಳಲಾಗುತ್ತಿರಲಿಲ್ಲ. ಇದು ನಿಜವಾದ ದುಃಖವೋ, ನೋಡಿ ನಾನೆಷ್ಟು ದುಃಖಪಡುತ್ತಿದ್ದೇನೆ ಎಂದು ತೋರಿಸುವುದೋ? ತಟ್ಟೆಯ ಮೇಲಿನಿಂದ ಕದ್ದು ನೋಡುತ್ತಿದ್ದೆ. ಅವರೂ ನನ್ನನ್ನು ನೋಡುತ್ತಿದ್ದರು. ಮಗಳನ್ನು ಅವರ ಹತ್ತಿರ ಬಿಟ್ಟು ನಾನು ಸ್ನಾನಕ್ಕೂ ಹೋಗುತ್ತಿರಲಿಲ್ಲ. ಗಂಡ ಮನೆಯಲ್ಲಿರುವಾಗಲೇ ಮುಗಿಸಿಬಿಡುತ್ತಿದ್ದೆ. ಅವರಿಗೆ ಅದು ತಿಳಿದಿತ್ತು.

ಗಾಯ ಮಾಯಿತು. ಆದರೆ ಬೆರಳುಗಳ ಬುಡದಲ್ಲಿ ಚರ್ಮ ಬಿಗಿದು ಎರಡು ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಬಿಡಿಸಲು ಹೋದರೆ ಅಳುತ್ತಿದ್ದಳು. ಕೈ ಹೀಗೇ ಉಳಿಯಬಾರದು ಎಂದರೆ ದಿನವೂ ಬೆರಳಾಡಿಸಬೇಕು ಎಂದರು ಡಾಕ್ಟರು, ಅದೇ ಚಿಕ್ಕವರು. ಮೆತ್ತಗಿನದೇನನ್ನಾದರೂ ಕೊಡಿ, ಹಿಸುಕಲಿ, ಚಪ್ಪಟೆ ಮಾಡಲಿ, ಮನೆಯಲ್ಲಿ ಕಲಸಿದ ಹಿಟ್ಟಾದರೂ ಆದೀತು. ಹಾಗೆಂದವರೇ, ಹೇಳಬಾರದ್ದನ್ನು ಹೇಳಿದೆನೇ ಎಂಬಂತೆ ನನ್ನ ಮುಖ ನೋಡಿದರು.

ನಾನು ಗೋಧಿ ಹಿಟ್ಟು ಕಲಸಿ ಕೊಟ್ಟೆ. ಮೂಸಿ ನೋಡಿ ತಳ್ಳಿದಳು. ಅಂಗಡಿಯಿಂದ ಬಣ್ಣದ ಮೇಣದಂಥದ್ದನ್ನು ತಂದೆ. ಅದನ್ನು ಎಡಗೈಯಲ್ಲಿ ಆಡಿದಳು. ಬಲಗೈ ಮಡಿಲಲ್ಲೇ ಇತ್ತು, ಮುದುಡಿಕೊಂಡು.

"ಗುಬ್ಬಿದ್ದು ಬೇಕು," ಎಂದಳು. "ಅಜ್ಜೀದು."

ಅವಳಿಗೆ ಆ ಹಿಟ್ಟಿನ ಭಯ ಇರಲಿಲ್ಲ. ಭಯ ನಮ್ಮಿಬ್ಬರಿಗೆ.

ಗಂಡ ಕೆಲಸಕ್ಕೆ ಹೋದ ಮೇಲೆ, ಹಾಲ್‌ನಲ್ಲಿ ಮೆಂತ್ಯ ಬಿಡಿಸುತ್ತಿದ್ದ ಅತ್ತೆಯ ಎದುರು ಕೂತೆ.

"ಅತ್ತೆ, ಸ್ವಲ್ಪ ಜೋಳದ ಹಿಟ್ಟು ಕಲಸಿ ಕೊಡ್ತೀರಾ? ಅವಳ ಕೈಗೆ."

"ನೀನ ಕಲಸು."

"ನಂದು ಹರಿಯುತ್ತೆ, ನಿಮ್ಗೆ ಗೊತ್ತಲ್ಲ. ಎಸರು ಹಾಕಿದ್ರೇ ಅದು ಜಿಗಿ ಬರೋದು."

"ನಾ ಹಾಕಿದ್ರ ನೀ ಕೂಸಿನ್ನ ಕಳಸ್ತಿ?"

ಅದರ ಬದಲು ನನ್ನ ಪ್ರಶ್ನೆ ಕೇಳಿದೆ. "ನೀವು ಡಾಕ್ಟರ ಹತ್ರ ಯಾಕೆ ಹಾಗೆ ಹೇಳಿದ್ರಿ? ನಾನು ಬಾಗಿಲಲ್ಲಿದ್ದೆ ಅಂತ?"

ಅತ್ತೆ ಕೈಯಲ್ಲಿದ್ದ ಕಡ್ಡಿಯ ಸೊಪ್ಪು ಬಿಡಿಸಿ ಮುಗಿಸಿದರು.

"ಆ ಹುಡಿಗಿ ಕೇಳೂ ಧಾಟಿ ನೋಡಿದಿಲ್ಲೊ? ಪೊಲೀಸರು ಕೇಳಿದಂಗ. ತಾಯಿ ಇರಲಿಲ್ಲ ಅಂದ್ರ ಏನಂತಾರ? ಕೂಸಿನ್ನ ಮುದುಕಿ ಮ್ಯಾಲ ಬಿಟ್ಟು ತಾ ಎಲ್ಲೆ ಹೋಗಿದ್ಲು ಅಂತಾರ. ಇದ್ಲು, ಬಾಗಲದಾಗ ಇದ್ಲು, ನೋಡ್ತಿದ್ಲು, ಆದ್ರೂ ಆತು ಅಂದ್ರ ಅದು ದೈವ. ನಿನ್ನ ಉಳಸಾಕ ಹೇಳಿದೆ ನಾ."

ನನಗೆ ನಗು ಬಂತು, ಕೆಟ್ಟ ನಗು. ನನ್ನ ಲೆಕ್ಕದಲ್ಲಿ ಇದ್ದವಳ ತಪ್ಪು ದೊಡ್ಡದು. ಅವರ ಲೆಕ್ಕದಲ್ಲಿ ಇಲ್ಲದವಳದ್ದು. ನನ್ನನ್ನು ಉಳಿಸಲು ನನ್ನನ್ನೇ ತಂದು ಅಲ್ಲಿ ನಿಲ್ಲಿಸಿದ್ದರು.

"ಅಂದ್ರೆ ನಾನು ಬಾಲ್ಕನಿಯಲ್ಲೇ ಇದ್ದೆ."

"ಹಂಗ ಎಲ್ಲೆ ಅಂದೆ?"

"ಈಗ ಹೇಳಿದ್ರಲ್ಲ ಅತ್ತೆ!"

"ಹೇಳಿದ್ದು ಯಾಕಂತ ಹೇಳಿದೆ. ನೀ ಎಲ್ಲಿದ್ದಿ ಅಂತ ನನಗೇನ ಗೊತ್ತವಾ? ಎಸರಿನ ಪಾತೇಲಿ ಕಟ್ಟಿ ಮ್ಯಾಲ ಇಡಾಕ ಎದ್ದಿದ್ದೆ. ಮಾರಿ ಗ್ವಾಡಿ ಕಡೆ. ಹಿಂದ ಯಾರಿದ್ರು, ಯಾರಿಲ್ಲ, ಏನೂ ನೋಡಿಲ್ಲ ನಾ. ಕೂಸು ಬಂದಿದ್ದ ನೋಡಿಲ್ಲ." ಕೈಯಲ್ಲಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು. "ಆಸ್ಪತ್ರ್ಯಾಗ ಹೇಳಿದ್ಮ್ಯಾಲ ನನಗೂ ಹಂಗ ಕಾಣಸಾಕತ್ತದ. ನೀ ನಿಂತಿದ್ದಿ, ನೀಲಿ ಸೀರಿ ಉಟ್ಟಿದ್ದಿ."

ನಾನು ಮನೆಯಲ್ಲಿ ಸೀರೆ ಉಡುವುದಿಲ್ಲ. ಅದನ್ನು ಹೇಳಲು ಬಾಯಿ ತೆರೆದವಳು ನಿಲ್ಲಿಸಿದೆ. ನನ್ನ ಚಿತ್ರದಲ್ಲಿ ಫ್ಯಾನಿನ ಎತ್ತರ, ಅವರದರಲ್ಲಿ ನೀಲಿ ಸೀರೆ. ಅವರ ಮಾತನ್ನು ನಂಬಿದೆ ಎಂದು ಹೇಳಲಾರೆ. ಈ ವಿವರಣೆಯೂ ಆಮೇಲೆ ಹೊಲಿದುಕೊಂಡದ್ದಿರಬಹುದು. ಆದರೆ ನನಗಾಗಿ ಸುಳ್ಳು ಹೇಳಿದೆ ಎನ್ನುವವರನ್ನು, ಇಲ್ಲ, ನೀವು ನನ್ನ ವಿರುದ್ಧ ಹೇಳಿದಿರಿ ಎಂದು ಸಾಧಿಸುತ್ತ ಕೂತರೆ ಮಗಳ ಬೆರಳು ಬಿಚ್ಚುವುದಿಲ್ಲ.

ಸ್ಟೂಲು ಹಾಕಿ ಅಟ್ಟದಿಂದ ಪರಾತ ಇಳಿಸಿದೆ.

"ಕಳಸ್ತೀನಿ," ಎಂದೆ. "ಆದ್ರೆ ನಾನೂ ಅಲ್ಲೇ ಕೂತಿರ್ತೀನಿ."

"ಕೂಡು. ಯಾರ ಬ್ಯಾಡ ಅಂದ್ರು?"

ಈಗ ಅದೇ ಪದ್ಧತಿಯಾಗಿದೆ. ಎಸರು ಕುದಿ ಬಂದಾಗ ಅತ್ತೆ ಪಾತೇಲಿ ಮುಟ್ಟುವ ಮೊದಲು ಕೂಗುತ್ತಾರೆ. ನಾನು ಇದ್ದ ಕಡೆಯಿಂದ "ಬಂದೆ" ಎಂದರೆ ಒಪ್ಪುವುದಿಲ್ಲ. "ದನಿ ಬ್ಯಾಡ, ಮಾರಿ ತೋರಸು," ಎನ್ನುತ್ತಾರೆ. ನನ್ನ ಮುಖ ಕಂಡ ಮೇಲೇ, ಮಗಳು ನನ್ನ ತೊಡೆಯ ಮೇಲೆ ಕೂತ ಮೇಲೇ ಕುದಿಯುವ ನೀರು ಕೆಳಗಿಳಿಯುತ್ತದೆ. ಹಿಟ್ಟು ನಾದಿ ಆರಿದ ಮೇಲೆ ಮೊದಲ ಉಂಡೆಯನ್ನು ಅತ್ತೆ ತಮ್ಮ ಕೆನ್ನೆಗೆ ಹಚ್ಚಿ ನೋಡಿ, ನನ್ನ ಕೈಗೆ ಕೊಡುತ್ತಾರೆ. ನಾನೂ ಕೆನ್ನೆಗೆ ಹಚ್ಚಿ ನೋಡುತ್ತೇನೆ. ಅವರು ನೋಡಿದ್ದು ನನಗೆ ಸಾಲದು, ಅದು ಅವರಿಗೂ ಗೊತ್ತು. ಆಮೇಲೆ ಅದು ಮಗಳಿಗೆ. ಅವಳು ಬಲಗೈಯಲ್ಲೇ ಹಿಸುಕುತ್ತಾಳೆ. ಮೂರನೆಯ ಬೆರಳು ಈಗ ಮುಕ್ಕಾಲು ಬಿಚ್ಚುತ್ತದೆ, ಕಿರುಬೆರಳು ಇನ್ನೂ ಹಟ ಹಿಡಿದಿದೆ.

ಮೊದಲ ದಿನ ಬಾಗಿಲಲ್ಲಿ ಕೂತಾಗ ನನಗೆ ಒಂದು ವಿಷಯ ತಿಳಿಯಿತು. ಅಲ್ಲಿಂದ ಪರಾತ ಕಾಣುವುದೇ ಇಲ್ಲ. ಅತ್ತೆಯ ಬೆನ್ನು ಅಡ್ಡ. ಅವತ್ತು ಅವರು ಎದ್ದಿದ್ದರಂತೆ, ಹಾಗಾಗಿ ಅವತ್ತಿನ ಬಗ್ಗೆ ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಹೇಳಿದೆ:

"ಅತ್ತೆ, ಸ್ವಲ್ಪ ಈ ಕಡೆ ತಿರುಗಿ ಕೂತ್ಕೊಳ್ತೀರಾ?"

"ಕಿಡಕಿ ಬಿಸಲು ಸೀದಾ ಕಣ್ಣಿಗಿ ಬಡೀತದವಾ."

"ಗೊತ್ತು."

ಅವರು ನನ್ನನ್ನು ಒಂದು ಸಲ ನೋಡಿದರು. ಏನೋ ಗೊಣಗಿ, ನೆಲಕ್ಕೆ ಕೈಯೂರಿ, ಮೊಣಕಾಲು ಸರಿಸಿ, ಪರಾತದ ಸಮೇತ ನನ್ನ ಕಡೆ ತಿರುಗಿ ಕೂತರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ರೊಟ್ಟಿ ಬಡಿದರು. ಕೈಯ ತಾಳ ತಪ್ಪಲಿಲ್ಲ.