ಖಾಲಿ ಬಿಟ್ಟ ಮೂರು ಗೆಣ್ಣು

ವಾಕಡದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಹುಡುಗಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಏನು ಹೇಳಿದರೂ "ಒಂದ್ ನಿಮಿಷ ರೀ ಅಜ್ಜಿ" ಅನ್ನುವಳು. ಆ ನಿಮಿಷ ಮುಗಿದದ್ದನ್ನು ನಾನು ಕಾಣೆ.

ಕುರಕುಂಭದ ಕಾರ್ಖಾನೆಯೊಂದರ ಟ್ಯಾಂಕು ಎಷ್ಟು ಬಿಸಿಯಿದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವುದು ಅವಳ ಕೆಲಸ. ಬಿಸಿ ಅಳೆಯುವ ಹಳೆಯ ಕೋಡ್ ಸಿ ಎಂಬ ಕಂಪ್ಯೂಟರ್ ಭಾಷೆಯದು. ಅದು ಒಂದು ಅಕ್ಷರವನ್ನೂ ಒಂದು ಅಂಕಿಯನ್ನೂ ಸೇರಿಸಿ ಸ್ಟ್ರಕ್ಟ್ ಎಂಬ ಗಂಟು ಕಟ್ಟಿ ಕೊಡುತ್ತದಂತೆ. ಇವಳು ತನ್ನ ಫಂಕ್ಷನಲ್ ಎಂಬ ಬೇರೆ ಬಗೆಯ ಭಾಷೆಯಿಂದ ಅದನ್ನು ಬಿಚ್ಚಬೇಕು. ಬಿಚ್ಚಿದರೆ ಕೋಟಿಗಟ್ಟಲೆ ಡಿಗ್ರಿ! ಅಂದು ಸಂಜೆಯೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ.

ಆ ಮಧ್ಯಾಹ್ನ ನಾನು ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತ ನಮ್ಮಿಬ್ಬರ ಊಟದ ರೊಟ್ಟಿ ಎಣಿಸುತ್ತಿದ್ದೆ. ತುದಿಯೂ ಸೇರಿ ಬೆರಳಿಗೆ ನಾಲ್ಕು. ನನ್ನದು ಒಂದು, ಮುಂದಿನ ಬೆರಳಲ್ಲಿ ಅವಳವು ನಾಲ್ಕು.

"ಮೊದಲಿನ ಬೆರಳಾಗ ಮೂರು ಯಾಕ ಖಾಲಿ ಬಿಟ್ರಿ?" ಕೆಳಗಿಳಿದು ಬಂದ ಅವಳು ಕೇಳಿದಳು.

"ಒಬ್ಬೊಬ್ಬರಿಗೆ ಒಂದೊಂದು ಬೆರಳು. ಕೂಡಿಸಿದ್ರ ನನ್ನ ರೊಟ್ಟೀನೂ ನೀನ ತಿಂತಿ."

ಅವಳು ಹಣೆ ಬಡಿದುಕೊಂಡಳು. "ಸಿ ಭಾಷಾನೂ ಹಂಗ ಮಾಡ್ತದ್ರೀ! ಅಕ್ಷರ ಆದ ಮ್ಯಾಲ ಮೂರು ಜಾಗ ಖಾಲಿ ಬಿಡ್ತದ. ನಾ ಅದನ್ನೂ ಅಂಕಿ ಅಂತ ಓದಾಕತ್ತಿದ್ದೆ."

"ಮೊದಲ ಕುಂತು ಉಣ್ಣು."

"ಒಂದ್ ನಿಮಿಷ ರೀ ಅಜ್ಜಿ!"

ಸಂಜೆ ಮೆಟ್ಟಿಲಿನ ಮೇಲಿಂದಲೇ ಕೂಗಿದಳು, ಅರವತ್ತೆರಡು ಡಿಗ್ರಿ ಅಂತ. ಕೆಲಸ ಅವಳ ಕೈಯಲ್ಲೇ ಉಳಿಯಿತು. ಅವಳ ನಾಲ್ಕು ರೊಟ್ಟಿ ನನ್ನ ಬುಟ್ಟಿಯಲ್ಲೇ.