ಬೆಳಕಿನ ಬಾಚಣಿಗೆಯ ಮೇಷ್ಟ್ರು

ನಮ್ಮ ಫಿಸಿಕ್ಸ್ ಮೇಷ್ಟ್ರ ತಲೆ ನುಣ್ಣಗೆ ಹೊಳೆಯುತ್ತಿತ್ತು. ಜೇಬಿನಲ್ಲಿ ಮಾತ್ರ ಕೆಂಪು ಬಾಚಣಿಗೆ ತಪ್ಪುತ್ತಿರಲಿಲ್ಲ. ಟಿ. ನರಸೀಪುರದ ಕಾಲೇಜಿನಲ್ಲಿ ಅವರ ನಡಿಗೆ, ಕೆಮ್ಮು ಎಲ್ಲವನ್ನೂ ಅಣಕಿಸಿ ನಗಿಸುವುದು ನನ್ನ ಕಸುಬು. ಓದಿನಲ್ಲೂ ನಾನು ಅಣಕಿಗನೇ, ಹಳೇ ಬ್ಯಾಚಿನವರ ರೆಕಾರ್ಡು ನೋಡಿ ಬರೆದವನು.

ಬೆಳಕನ್ನು ಅಳೆಯುವ ‘ಬೆಳಕಿನ ಬಾಚಣಿಗೆ’ಗೆ ನೊಬೆಲ್ ಬಂದ ವರ್ಷ ಅವರು ಜೇಬಿನ ಬಾಚಣಿಗೆ ಹಿಡಿದೇ ಪಾಠ ಮಾಡಿದರು. ಲೇಸರಿನಿಂದ ಲಕ್ಷಗಟ್ಟಲೆ ಬಣ್ಣದ ಗೆರೆಗಳು ಹಲ್ಲುಗಳ ಹಾಗೆ ಸಮ ಅಂತರದಲ್ಲಿ ನಿಲ್ಲುತ್ತವಂತೆ. ಗೊತ್ತಿಲ್ಲದ ಬೆಳಕು ಯಾವ ಹಲ್ಲಿನ ಪಕ್ಕ ಬೀಳುತ್ತದೋ ನೋಡಿ ಅದನ್ನು ಅಳೆಯುತ್ತಾರಂತೆ. ಅಂತೂ ಸಾರ್ ಬಾಚಣಿಗೆಗೆ ಒಂದು ಕೆಲಸ ಸಿಕ್ಕಿತು ಎಂದು ಹಿಂದಿನ ಬೆಂಚಿನಿಂದ ಅವರ ದನಿಯಲ್ಲೇ ಅಂದೆ. ಮೊದಲು ನಕ್ಕವರು ಅವರೇ.

ಪ್ರಾಕ್ಟಿಕಲ್ ಪರೀಕ್ಷೆಗೆ ವಾರ ಇತ್ತು. ಅವರ ಸಹಿ ಇಲ್ಲದ ರೆಕಾರ್ಡಿಗೆ ಪರೀಕ್ಷೆಯೇ ಇಲ್ಲ. ಸೋಡಿಯಂ ದೀಪದ ಹಳದಿ ಬೆಳಕನ್ನು ಅಳೆಯುವ ಪ್ರಯೋಗದ ಪುಟದಲ್ಲಿ ಅವರ ಪೆನ್ನು ನಿಂತಿತು. ನನ್ನ ಉತ್ತರ ಪುಸ್ತಕದಲ್ಲಿದ್ದಷ್ಟೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಬೆಳಕನ್ನ ಬಿಡಿಸೋ ನಮ್ಮ ಗ್ರೇಟಿಂಗ್ ಗಾಜಿನ ಮೇಲೆ ಎಷ್ಟು ಗೆರೆ ಅಂತ ಚೀಟಿ ಇದ್ಯಲ್ಲ, ಅದೇ ತಪ್ಪು ಕಣಯ್ಯ. ಆ ಲೆಕ್ಕ ಹಿಡಿದು ಅಳೆದಿದ್ರೆ ಈ ಉತ್ತರ ಬರ್ತಾನೇ ಇರ್ಲಿಲ್ಲ."

ಅಳೆದವರು ಯಾರು ಎಂದು ತಿಳಿಯಲೆಂದೇ ಆ ವರ್ಷ ಹೊಸದಾಗಿ ಬಂದ ಆ ಗಾಜನ್ನು ಬದಲಾಯಿಸದೆ ಇಟ್ಟಿದ್ದರು. ಸಹಿ ಹಾಕಲಿಲ್ಲ.

ಭಾನುವಾರ ನಮ್ಮಿಬ್ಬರ ಊರಾದ ನಂಜನಗೂಡಿನಿಂದ ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬಂದು, ನಾನೇ ಅಳೆಯಲಿ ಎಂದು ರಜೆಯ ದಿನ ಲ್ಯಾಬಿನ ಬೀಗ ತೆಗೆದರು. ನಾನು ಕಣ್ಣು ಕೀಲಿಸಿ ನೋಡುವಾಗ ಅವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಹುಡುಗರು ಉಪಕರಣ ಬಿಟ್ಟು ಮೇಷ್ಟ್ರ ಮುಖ ಓದಿ ಬರೆಯುತ್ತಾರೆ ಎಂಬುದು ಅವರ ದೂರು. ಮೂರು ಸಲ ಅಳೆದೆ. ಮೂರು ಸಲವೂ ಪುಸ್ತಕದ ಉತ್ತರದಿಂದ ದೂರ.

"ತಪ್ಪೇ ಬತ್ತದಲ್ಲ ಸಾ. ಫೇಲಾಗೋಯ್ತೀನಿ."

"ಆ ಬೆಳಕಿನ ಬಾಚಣಿಗೆ ಮಾಡಿದೋರು ಯಾವ ಚೀಟೀನೂ ನಂಬ್ಲಿಲ್ಲ. ಹಲ್ಲಿನ ನಡುವೆ ಎಷ್ಟು ಜಾಗ, ಮೊದಲ್ನೇ ಹಲ್ಲು ಸೊನ್ನೆಯಿಂದ ಎಷ್ಟು ಸರಿದಿದೆ, ಎರಡನ್ನೂ ಪರಮಾಣು ಗಡಿಯಾರಕ್ಕೆ ಹಿಡಿದು ನೋಡಿದ್ರು. ನೀನು ಕಂಡಿದ್ದನ್ನ ಬರಿ."

ಬರೆದೆ. ಪುಸ್ತಕಕ್ಕೆ ಹೊಂದದ ಆ ಉತ್ತರದ ಕೆಳಗೆ ಅವರ ಸಹಿ ಬಿತ್ತು.

ಆಮೇಲೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆಯುವ ಕೆಲಸ ಸಿಕ್ಕಿತು. ಮೇಷ್ಟ್ರು ತೀರಿಹೋದ ಸುದ್ದಿ ಬಂದಾಗ ಶಿಫ್ಟಿನಲ್ಲಿದ್ದೆ. ಬಿಡುವು ಕೇಳಿ, ಬದಲಿ ಆಳು ಬರುವವರೆಗೆ ಅಳೆಯುತ್ತಲೇ ಇದ್ದೆ. ಕಣ್ಣು ಮಂಜಾಗಿ ಅಳತೆಯ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಹೊರಡುವ ಮುಂಚೆ ಆಗ ಬರೆದ ಅಷ್ಟೂ ರೀಡಿಂಗಿನ ಮೇಲೆ ಗೀಟು ಎಳೆದು, ಮುಖ ತೊಳೆದು ಬಂದು, ಮೊದಲಿನಿಂದ ಅಳೆದೆ.