ಒಂದರ ಕೀ ಇಲ್ಲದ ಟೈಪ್‌ರೈಟರ್

ಲಕ್ಷ್ಮೇಶ್ವರದಲ್ಲಿ ನಮ್ಮದು ಪೂಜೆಯ ಮನೆತನ. ಮಗಳು ದಿನಾ ಬಸ್ಸು ಹತ್ತಿ ಗದಗಿಗೆ ಹೋಗುವುದು ಅಪ್ಪನಿಗೆ ಸೇರುತ್ತಿರಲಿಲ್ಲ. ಆದರೆ ಅಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಸರ್ ಅಪ್ಪನಿಗೆ ಗುರುತಿನವರು, ಅದಕ್ಕೇ ಸುಮ್ಮನಿದ್ದ. ನಾನು ಅಲ್ಲಿ ಕಲಿತೆ, ಕಲಿತ ಮೇಲೆ ಅಲ್ಲಿಯೇ ಕಲಿಸಲು ನಿಂತೆ.

ಸರ್ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಮನೆಯ ಮುಂದಿನ ಪಡಸಾಲೆಯೇ ಶಾಲೆ. ಹೊಸದಾಗಿ ಬಂದವರ ಕೈಯ ಮೇಲೆ ಟವೆಲ್ಲು ಹೊದಿಸಿ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಬೆರಳ ನೋಡಬ್ಯಾಡ್ರಿ. ಕಾಗದ ನೋಡ್ರಿ."

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ಕಲಿಯಲು ಬಂದವರು ಒಳಗೆ ಇಣುಕಿ, "ಕಂಪ್ಯೂಟರ್ ಇಲ್ಲೇನ್ರಿ?" ಎಂದು ಕೇಳಿ ಹೋಗತೊಡಗಿದರು. ಸರ್ ಹುಬ್ಬಳ್ಳಿಯಿಂದ ಹಳೆಯದೊಂದನ್ನು ತರಿಸಿದರು. ಅವರ ಹೆಂಡತಿ ತಮ್ಮ ಅಡುಗೆಮನೆಯ ಫ್ಯಾನನ್ನು ಬಿಚ್ಚಿಸಿ ಅದಕ್ಕೆ ಬಿಟ್ಟುಕೊಟ್ಟರು.

ಆ ಯಂತ್ರಕ್ಕೆ ತಾರೀಖು ನೆನಪಿರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಚ್ಚಿದ ಕೂಡಲೇ ಇವತ್ತು ಎಷ್ಟನೇ ತಾರೀಖು ಎಂದು ಕೇಳುತ್ತಿತ್ತು. ಕರೆಂಟು ಹೋಗಿ ಬಂದರೆ ಮತ್ತೆ ಅದೇ ಪ್ರಶ್ನೆ. ಸರ್ ಹೊಡೆಯುತ್ತಿದ್ದರು, ಅದು ತಪ್ಪು ಎನ್ನುತ್ತಿತ್ತು.

"ತಂಗಿ, ಇವತ್ತ ಹನ್ನೊಂದನೇ ತಾರೀಖು ಹೌದಲ್ಲ?"

"ಹೌದ್ರಿ ಸರ್."

"ಮತ್ತ ಇದ್ಯಾಕ ಒಲ್ಲೆ ಅಂತೈತಿ?"

ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಒಂದು ದಿನ ನಾನು ಪರದೆ ಬಿಟ್ಟು ಅವರ ಕೈ ನೋಡಿದೆ. ನಮ್ಮ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಕೀ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವೇ ನಮಗೆ ಒಂದು. ಸರ್ ಬಲಗೈ ಉಂಗುರದ ಬೆರಳಿನಿಂದ ಎಲ್ ಹೊಡೆಯುತ್ತಿದ್ದರು.

"ಇದಕ್ಕ ಒಂದ ಬ್ಯಾರೆ ಐತ್ರಿ ಸರ್, ಇಲ್ಲಿ ಮ್ಯಾಲ."

ಅವರು ಬಾಯಿತುಂಬ ನಕ್ಕರು. ಆದರೆ ಅವರ ಬೆರಳು ಕೇಳಲಿಲ್ಲ. ಜನ್ಮವಿಡೀ ಹೋದ ದಾರಿಗೇ ಅದು ಹೋಗುತ್ತಿತ್ತು. ಪಾಠ ತೆರೆಯಹೋದರೂ ಎಲ್ ಬೀಳುತ್ತಿತ್ತು, ಯಂತ್ರ 'ಬ್ಯಾಡ್ ಕಮಾಂಡ್' ಎನ್ನುತ್ತಿತ್ತು. ಆ ಮಾತು ಅವರಿಗೆ ನಾಟುತ್ತಿತ್ತು. "ಇಷ್ಟ ವರ್ಷ ನೌಕರಿ ಮಾಡಿದೆ. ಬ್ಯಾಡ್ ಅಂತ ಒಬ್ಬ ಸಾಹೇಬನೂ ಅಂದಿದ್ದಿಲ್ಲವಾ," ಎಂದು ಒಮ್ಮೆ ಹೇಳಿದರು. ಹೇಳುವಾಗ ನಗಲಿಲ್ಲ.

ಮುಂಡರಗಿಯ ಕಾಲೇಜೊಂದು ತನ್ನ ಹುಡುಗರನ್ನು ಕಂಪ್ಯೂಟರ್ ಕಲಿಯಲು ಗದಗಿಗೆ ಕಳಿಸುವ ವಿಚಾರದಲ್ಲಿತ್ತು. ನಮ್ಮ ಶಾಲೆ ನೋಡಲು ಪ್ರಿನ್ಸಿಪಾಲರು ಬರುವವರಿದ್ದರು. ಅವರು ಒಪ್ಪಿದರೆ ಶಾಲೆ ಉಳಿಯುತ್ತಿತ್ತು. ಕಂಪ್ಯೂಟರ್ ಕಲಿಸುವ ಕೆಲಸ ನನಗೇ ಎಂದು ಸರ್ ಹೇಳಿದ್ದರು. ಬಸ್ಸಿನಲ್ಲಿ ಕೂತು ನಾನು ಅದನ್ನೇ ಯೋಚಿಸುತ್ತಿದ್ದೆ.

ಅಂದು ಸರ್ ಕೋಟು ಹಾಕಿಕೊಂಡು ಬಂದರು. ಬೆಳಿಗ್ಗೆಯೇ ನಾನು ಯಂತ್ರ ಹಚ್ಚಿ, ತಾರೀಖು ಹಾಕಿ ಇಟ್ಟಿದ್ದೆ. ಲೆಸನ್ ಎಂದು ಬರೆದು ಪಕ್ಕಕ್ಕೆ ಒಂದರ ಅಂಕಿ ಹೊಡೆದರೆ ಮೊದಲ ಪಾಠ ತೆರೆಯುತ್ತಿತ್ತು. ಪ್ರಿನ್ಸಿಪಾಲರು ಪಕ್ಕದ ಕುರ್ಚಿಯಲ್ಲಿ ಕೂತರು. ಸರ್ ಅವರ ಕಡೆಗೇ ಮುಖ ಮಾಡಿ ಮಾತಾಡುತ್ತ, ಕೀ ನೋಡದೆ ಟಕಟಕ ಹೊಡೆದರು.

ಬ್ಯಾಡ್ ಕಮಾಂಡ್.

ಮತ್ತೆ ಹೊಡೆದರು. ಮತ್ತೆ ಅದೇ.

"ಒಂದ್ರಿ, ಸರ್. ಒಂದ," ಎಂದು ಹಿಂದಿನಿಂದ ಪಿಸುಗುಟ್ಟಿದೆ.

"ಒಂದನ ಹೊಡದೇನವಾ," ಎಂದು ಅವರು ಪುನಃ ಎಲ್ ಹೊಡೆದರು.

ನಾನು ಮುಂದೆ ಬಂದು ಕೈ ಚಾಚಿದೆ. "ತಡಿಯವಾ, ನಾ ಮಾಡತೀನಿ," ಎಂದು ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. ಆಮೇಲೆ ಅವರಿಗೆ ಹೊಳೆದಿರಬೇಕು. ತಲೆ ಬಗ್ಗಿಸಿ, ಕನ್ನಡಕ ಸರಿಮಾಡಿಕೊಂಡು, ತೋರುಬೆರಳನ್ನು ಕೀಗಳ ಮೇಲೆ ಆಡಿಸುತ್ತ ಒಂದನ್ನು ಹುಡುಕಿದರು. ಹೊಸಬರು ಹಾಗೆ ಹುಡುಕಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಕೊನೆಗೆ ಸಿಕ್ಕಿತು. ಪಾಠವೂ ತೆರೆಯಿತು. ಆದರೆ ಪ್ರಿನ್ಸಿಪಾಲರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಅವರ ಬೆರಳನ್ನು.

"ಇರ್ಲಿ ಬಿಡ್ರಿ," ಎಂದರು ಪ್ರಿನ್ಸಿಪಾಲರು, ಬಹಳ ಮರ್ಯಾದೆಯಿಂದ. "ನಿಮಗ ಇನ್ನೂ ರೂಢಿ ಆಗಿಲ್ಲ. ನಾವು ಹುಬ್ಬಳ್ಯಾಗ ವಿಚಾರ ಮಾಡತೀವಿ." ಚಹಾ ಕುಡಿದು ಹೋದರು.

ಸರ್ ಕೋಟು ಬಿಚ್ಚದೆ ಸಂಜೆಯವರೆಗೂ ಅದೇ ಕುರ್ಚಿಯಲ್ಲಿ ಕೂತಿದ್ದರು. ಮರುದಿನ ಒಬ್ಬ ಹುಡುಗಿ ಕೀ ನೋಡಿ ನೋಡಿ ಹೊಡೆಯುತ್ತಿದ್ದಳು. ಅವರು ನೋಡಿದರು, ಟವೆಲ್ಲು ಕೈಗೆತ್ತಿಕೊಳ್ಳಲಿಲ್ಲ.

ಬರುವವರು ಕಡಿಮೆಯಾದರು. ಟೈಪ್‌ರೈಟರುಗಳು ಒಂದೊಂದಾಗಿ ಮಾರಾಟವಾದವು. ಕಂಪ್ಯೂಟರನ್ನು ಯಾರೂ ಕೇಳಲಿಲ್ಲ. "ಪಡಸಾಲಿ ಬಾಡಿಗಿಗೆ ಕೊಡೂಣ್ರಿ," ಎಂದು ಅವರ ಹೆಂಡತಿ ನನ್ನೆದುರೇ ಕೇಳಿದರು. ಸರ್ "ಆತು" ಎಂದರು.

ಕೊನೆಯ ದಿನ ಬಾಗಿಲವರೆಗೆ ಬಂದು, "ಅವತ್ತ ನಾ ಕುಂಡ್ರಬಾರದಿತ್ತವಾ. ನೀ ಕುಂತಿದ್ರ ನಿನಗರ ಕೆಲಸ ಸಿಗತಿತ್ತು," ಎಂದರು. ಹಾಗನ್ನಬೇಡಿ ಎನ್ನಬೇಕೆಂದುಕೊಂಡೆ. ಕಾಲು ಮುಟ್ಟಿ ನಮಸ್ಕರಿಸಿ ಹೊರಟೆ.

ಮನೆಯಲ್ಲಿ ಅಪ್ಪ ವರ ನೋಡತೊಡಗಿದ. ಬೇಸಿಗೆಯಲ್ಲಿ ಶಿರಹಟ್ಟಿಯ ಸಂಬಂಧ ಬಂತು, ಮದುವೆಯಾಯಿತು. ಗಂಡನ ಮನೆಯಲ್ಲಿ ಟೈಪಿಂಗ್ ಬರುತ್ತದೆ ಎಂದು ಹೇಳುವ ಸಂದರ್ಭವೇ ಬರಲಿಲ್ಲ. ಎಷ್ಟೋ ದಿನಗಳ ಮೇಲೆ ಗದಗಿಗೆ ಹೋದಾಗ ಆ ಓಣಿಯಲ್ಲಿ ಹಾಯ್ದೆ. ಪಡಸಾಲೆಯಲ್ಲಿ ಅರಿವೆ ಅಂಗಡಿ ಇತ್ತು. ಸರ್ ಬಗ್ಗೆ ಕೇಳಿದ್ದಕ್ಕೆ ಅಂಗಡಿಯವನು, "ಅವರು ತೀರಿಕೊಂಡ್ರಲ್ರಿ, ನಿಮಗ ಖಬರ ಇಲ್ಲೇನು?" ಎಂದ. ಬಂದವಳು ಬರಿಗೈಯಲ್ಲಿ ಹೋಗಬಾರದೆಂದು ಒಂದು ಕುಪ್ಪಸದ ಖಣ ತೆಗೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದೆ.